ಡಬ್ಬಿಯಲ್ಲಿ ಆರಕ್ಕೇ ಜಾಗ

ನನ್ನ ಓರಗಿತ್ತಿ ಅನಿತ ಹಳೇ ಲೆನ್ಸ್ ಕೊಳ್ಳುವುದನ್ನು ನೀವು ಒಮ್ಮೆ ನೋಡಬೇಕು. ಮೊದಲು ಅದನ್ನು ಟ್ಯೂಬ್‌ಲೈಟಿನ ಕಡೆಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಹಿಂದಿನಿಂದ ನೋಡುತ್ತಾಳೆ. ಆಮೇಲೆ ಮೊಬೈಲಿನ ಟಾರ್ಚ್ ಬಿಟ್ಟು ಮುಂದಿನಿಂದ ನೋಡುತ್ತಾಳೆ. ಮೈಮೇಲಿನ ರಿಂಗನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ತಿರುಗಿಸುತ್ತಾಳೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಕೊನೆಗೆ, ಮಾರುವವರು ಏನಂದುಕೊಂಡಾರು ಎಂಬ ಸಂಕೋಚವೂ ಇಲ್ಲದೆ, ಮೂಗಿಗೆ ಹಿಡಿದು ಮೂಸುತ್ತಾಳೆ. ಸಂತೆಯಲ್ಲಿ ಕರಬೂಜ ಆರಿಸುವವರೂ ಇಷ್ಟು ಕಾಟ ಕೊಡುವುದಿಲ್ಲ.

"ಮೂಸೋದು ಸರಿ, ಬೂಷ್ಟಿನ ವಾಸನೆ ಹಿಡಿಯೋಕೆ. ಅಲ್ಲಾಡಿಸೋದು ಯಾಕೇ?" ಎಂದು ಕೇಳಿದ್ದೆ.

"ರೇಷ್ಮೆಗೂಡು ಅಲ್ಲಾಡಿಸಿದ್ರೆ ಒಳಗೆ ಸದ್ದು ಬರ್ಬೇಕು ಅಕ್ಕ, ಆಗ ಗೂಡು ಚೆನ್ನಾಗಿದೆ ಅಂತ. ಲೆನ್ಸಲ್ಲಿ ಸದ್ದು ಬರಬಾರ್ದು. ಅಷ್ಟೇ ವ್ಯತ್ಯಾಸ" ಎಂದಳು.

ಮಾಸ್ತಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನನಗೆ ಅವಳು ಮನೆಯಲ್ಲಿ ಪಾಠ ಮಾಡುವುದು ಹೀಗೆ. ನನ್ನ ಹೆಸರು ರಂಜಿತ. ಲಕ್ಕೂರಿನ ಹತ್ತಿರ ನಮ್ಮ ಮನೆ, ಎರಡು ಎಕರೆ ಹಿಪ್ಪುನೇರಳೆ, ಮನೆಯ ಹಿಂದೆ ಹುಳುವಿನ ಮನೆ. ನಾನು ಹಿರಿಸೊಸೆ, ಅನಿತ ಕಿರಿಸೊಸೆ. ನಾನು ಬೆಳಿಗ್ಗೆ ಎರಡು ಬಸ್ಸು ಹಿಡಿದು ಶಾಲೆಗೆ ಹೋಗುತ್ತೇನೆ. ಅವಳು ನನ್ನ ಮೈದುನ ಮುರಳಿಮೋಹನನ ಜೊತೆ ಸೊಪ್ಪು ಕುಯ್ದು ಹುಳು ಸಾಕುತ್ತಾಳೆ. ಇಬ್ಬರ ಮೇಲೂ ಅತ್ತೆ ಮುನಿಗಂಗಮ್ಮ ಇದ್ದಾರೆ. ಅವರು ಯಾರನ್ನೂ ಬಿಟ್ಟವರಲ್ಲ.

ಅನಿತ ಶ್ರೀನಿವಾಸಪುರದವಳು. ಅಪ್ಪ ಮಾವಿನ ಮಂಡಿಯಲ್ಲಿ ತೂಕ ಹಾಕುತ್ತಿದ್ದರು. ಮನೆಮಾತು ತೆಲುಗು, ಕನ್ನಡವನ್ನೂ ಅದೇ ರಾಗದಲ್ಲಿ ಆಡುತ್ತಾಳೆ. ಪಿಯುಸಿ ಮುಗಿಸಿ ಅರ್ಜಿಗೊಂದು ಪಾಸ್‌ಪೋರ್ಟ್ ಸೈಜಿನ ಫೋಟೋ ಬೇಕೆಂದು ಚನ್ನರಾಯಪ್ಪನವರ ಸ್ಟುಡಿಯೋಗೆ ಹೋದಳಂತೆ. ಸ್ಟೂಲಿನ ಮೇಲೆ ಕೂತವಳು ಸುಮ್ಮನಿರಬೇಕೋ ಬೇಡವೋ? "ಸಾರ್, ಎಡಗಡೆ ಲೈಟು ಜಾಸ್ತಿ ಆಗಿದೆ, ನನ್ನ ಮೂಗಿನ ನೆರಳು ಬಾಯಿ ಮೇಲೆ ಬೀಳುತ್ತೆ" ಎಂದಿದ್ದಾಳೆ. ಮೂವತ್ತು ವರ್ಷ ಅದೇ ಲೈಟಿನಲ್ಲಿ ಇಡೀ ತಾಲ್ಲೂಕಿನ ಮೂಗುಗಳನ್ನು ತೆಗೆದ ಚನ್ನರಾಯಪ್ಪನವರಿಗೆ ರೇಗಿಹೋಯಿತು. "ಹಂಗಾದ್ರೆ ನೀನೇ ಬಂದು ಇಟ್ಕೊಮ್ಮ" ಎಂದರು. ಇವಳು ನಿಜವಾಗಿಯೂ ಎದ್ದು ಹೋಗಿ ಲೈಟನ್ನು ಒಂದು ಗೇಣು ಸರಿಸಿ, ಮತ್ತೆ ಬಂದು ಸ್ಟೂಲಿನ ಮೇಲೆ ಕೂತಳು. ಮುಂದಿನ ಸೋಮವಾರದಿಂದ ಅಲ್ಲೇ ಕೆಲಸಕ್ಕೆ ಸೇರಿದಳು.

ಆರು ವರ್ಷ ಆ ಸ್ಟುಡಿಯೋದಲ್ಲಿದ್ದಳು. ಹೆಣ್ಣುಮಕ್ಕಳ ಶಾಸ್ತ್ರಗಳಿಗೆಲ್ಲ ಇವಳೇ ಬೇಕೆಂದು ಜನ ಹುಡುಕಿಕೊಂಡು ಬರುತ್ತಿದ್ದರಂತೆ. ನಮ್ಮ ಮುರಳಿಯನ್ನು ಅವಳು ಮೊದಲು ನೋಡಿದ್ದೂ ಕ್ಯಾಮೆರಾದ ಒಳಗಿಂದಲೇ. ಮಾವಿನ ಸಸಿ ತರಲು ಹೋದವನು, ಹೆಣ್ಣಿನ ಕಡೆಯವರಿಗೆ ಕೊಡಲು ಒಂದು ಫೋಟೋ ತೆಗೆಸಿಕೊಂಡು ಹೋಗೋಣವೆಂದು ಒಳಗೆ ಕಾಲಿಟ್ಟಿದ್ದ. "ಗದ್ದ ಎತ್ತಿ. ಇಷ್ಟೊಂದಲ್ಲ. ಹೆಣ್ಣು ನೋಡೋಕೆ ಹೋಗ್ತಿದ್ದೀರೋ, ಕೋರ್ಟಿಗೆ ಹೋಗ್ತಿದ್ದೀರೋ?" ಎಂದು ಗದರಿಸಿಕೊಂಡು ಬಂದ. ಆ ಫೋಟೋ ಯಾವ ಹೆಣ್ಣಿನ ಮನೆಗೂ ಹೋಗಲಿಲ್ಲ. ವಾರ ಕಳೆಯುವುದರೊಳಗೆ ಅತ್ತೆಯನ್ನು ಕರೆದುಕೊಂಡು ಶ್ರೀನಿವಾಸಪುರದ ಬಸ್ಸು ಹತ್ತಿದ್ದ.

ಮದುವೆಯಲ್ಲೂ ಅವಳ ಬಾಯಿ ಸುಮ್ಮನಿರಲಿಲ್ಲ. ಧಾರೆಯ ಹೊತ್ತಿನಲ್ಲಿ ತಲೆ ತಗ್ಗಿಸಿಕೊಂಡೇ, "ಅಣ್ಣ, ಬೆಳಕಿಗೆ ಎದುರು ನಿಂತಿದ್ದೀರ, ಈ ಕಡೆ ಬನ್ನಿ" ಎಂದು ಫೋಟೋಗ್ರಾಫರನಿಗೆ ಹೇಳಿದಳು. ಪುರೋಹಿತರು ಮಂತ್ರ ನಿಲ್ಲಿಸಿ ನೋಡಿದರು. ನಾನು ಆವತ್ತೇ ನಮ್ಮ ಯಜಮಾನರಿಗೆ, "ಇವಳ ಜೊತೆ ನನಗೆ ಸರಿಹೋಗುತ್ತೆ" ಎಂದೆ.

ಚನ್ನರಾಯಪ್ಪನವರು ಮದುವೆಗೆ ಬಂದು ತಾಂಬೂಲದ ಚೀಲದಲ್ಲಿ ಸುತ್ತಿಟ್ಟು ಒಂದು ಲೆನ್ಸ್ ಉಡುಗೊರೆ ಕೊಟ್ಟರು. ಅವರು ವ್ಯಾಪಾರ ಶುರು ಮಾಡಿದ ದಿನದಿಂದ ಬಳಸಿದ ಜಪಾನಿನ ಲೆನ್ಸ್. ಲೆನ್ಸಿಗೆ ಮಿಲಿಮೀಟರಿನ ಲೆಕ್ಕದಲ್ಲಿ ಒಂದು ನಂಬರಿರುತ್ತದೆ, ನಮ್ಮ ಮನೆಯಲ್ಲಿ ಬಸ್ಸನ್ನು ಕರೆಯುವ ಹಾಗೆ ಲೆನ್ಸನ್ನೂ ನಂಬರಿನಿಂದಲೇ ಕರೆಯುತ್ತೇವೆ. ಇದು ಐವತ್ತೈದು. ವರ್ಷಗಳು ಕಳೆದು ಗಾಜು ಒಂಚೂರು ಹಳದಿಗೆ ತಿರುಗಿದೆ. ಅದರಲ್ಲಿ ತೆಗೆದರೆ ಎಲ್ಲರೂ ಎಣ್ಣೆನೀರು ಹಾಕಿಕೊಂಡು ಆಗತಾನೆ ಬಂದವರಂತೆ ಕಾಣುತ್ತಾರೆ. ಆಮೇಲೆ ಎರಡೇ ವರ್ಷದಲ್ಲಿ ಅವರ ಸ್ಟುಡಿಯೋ ಮುಚ್ಚಿತು; ಎಲ್ಲರ ಜೇಬಿನಲ್ಲೂ ಫೋನು ಬಂದ ಮೇಲೆ ಸ್ಟೂಲಿನ ಮೇಲೆ ಯಾರು ಕೂರುತ್ತಾರೆ? ಮುರಳಿ ಇವಳಿಗೆ ಒಂದು ಸೆಕೆಂಡ್ ಹ್ಯಾಂಡ್ ಡಿಜಿಟಲ್ ಕ್ಯಾಮೆರಾ ಕೊಡಿಸಿದ. ಹಳೇ ಲೆನ್ಸಿಗೂ ಹೊಸ ಕ್ಯಾಮೆರಾಕ್ಕೂ ನಡುವೆ ಒಂದು ಅಲ್ಯೂಮಿನಿಯಂ ಬಳೆ ಹಾಕಿದರೆ ಎರಡೂ ಒಂದಾಗುತ್ತವೆ. ತಾನಾಗಿಯೇ ಫೋಕಸ್ ಆಗುವ ವೈಭವ ಇಲ್ಲ, ರಿಂಗನ್ನು ಕೈಯಿಂದಲೇ ತಿರುಗಿಸಬೇಕು.

ಅಲ್ಲಿಂದ ಶುರುವಾಯಿತು ಹುಚ್ಚು. ಕೋಲಾರದಲ್ಲಿ ಗಡಿಯಾರ ರಿಪೇರಿಯವರೊಬ್ಬರ ಗಾಜಿನ ಪೆಟ್ಟಿಗೆಯಿಂದ ರಷ್ಯಾದ ಐವತ್ತೆಂಟು ಬಂತು. ಮಾಲೂರಿನಲ್ಲಿ ಮುಚ್ಚಿದ ಸ್ಟುಡಿಯೋದಿಂದ ಮೂರು ಬಂದವು. ಗೂಡು ಮಾರಲು ಹೋದಾಗಲೆಲ್ಲ ಒಂದು ಬರುತ್ತಿತ್ತು. ಅವಳದು ಒಂದೇ ಕಟ್ಟಪ್ಪಣೆ: ರಿಂಗು ತಿರುಗದ್ದನ್ನು ಪುಕ್ಕಟೆ ಕೊಟ್ಟರೂ ಮನೆಗೆ ತರುವುದಿಲ್ಲ. ಗೀರು ಬಿದ್ದದ್ದು ಪರವಾಗಿಲ್ಲ, ಬಣ್ಣ ಹೋದದ್ದು ಪರವಾಗಿಲ್ಲ. ಒಮ್ಮೆ ನಾನು ಹೊಳೆಯುವ ಲೆನ್ಸೊಂದನ್ನು ತೋರಿಸಿ, "ಇದನ್ನ ತಗೊಳ್ಳೇ, ಹೊಸದರ ಹಾಗಿದೆ" ಎಂದರೆ, "ಐವತ್ತು ವರ್ಷದ್ದು ಹೊಸದರ ಹಾಗಿದೆ ಅಂದ್ರೆ ಯಾರೂ ಬಳಸಿಲ್ಲ ಅಂತ ಅಕ್ಕ. ಯಾಕೆ ಬಳಸಿಲ್ಲ ಅಂತ ಯೋಚ್ನೆ ಮಾಡು" ಎಂದಳು. ಯೋಚನೆ ಮಾಡಿದೆ. ಸರಿಯೆನ್ನಿಸಿತು. ಒಪ್ಪಿಕೊಳ್ಳಲಿಲ್ಲ.

ಒಂದು ಬೇಸಿಗೆಯಲ್ಲಿ ಲೆನ್ಸುಗಳಿಗೆ ಬಿಸಿಲು ತೋರಿಸಬೇಕೆಂದು ತಾರಸಿಯ ಮೇಲೆ ಸಾಲಾಗಿ ಇಟ್ಟಳು. ಪಕ್ಕದಲ್ಲೇ ಅತ್ತೆಯ ಸಂಡಿಗೆ ಒಣಗುತ್ತಿತ್ತು. ಗಂಟೆ ಕಳೆದು ಹೋಗಿ ನೋಡಿದರೆ ಸಂಡಿಗೆ ಹರಡಿದ್ದ ಹಳೇ ಸೀರೆಯಲ್ಲಿ ಹೊಗೆ! ಸೂರ್ಯ ಲೆನ್ಸಿನೊಳಗೆ ಹಾದು ಬಂದು ಸೀರೆಯಲ್ಲಿ ಬಟಾಣಿ ಗಾತ್ರದ ತೂತು ಕೊರೆದಿದ್ದ. ಅತ್ತೆ ಆ ತೂತನ್ನು ಬೀದಿಗೆಲ್ಲ ತೋರಿಸಿಕೊಂಡು ಬಂದರು.

ಕೊನೆಗೆ ಲೆನ್ಸುಗಳೆಲ್ಲ ಹುಳುವಿನ ಮನೆಯ ಮುಂದಿನ ಸಣ್ಣ ಕೋಣೆಗೆ ಹೋದವು. ಅನಿತಳ ಲೆಕ್ಕಾಚಾರದಲ್ಲಿ ಮನೆಯಲ್ಲಿ ಅದಕ್ಕಿಂತ ಚೊಕ್ಕ ಜಾಗ ಇಲ್ಲ. ಅಲ್ಲಿ ಚಪ್ಪಲಿ ಹಾಕಿಕೊಂಡು ಯಾರೂ ಬರುವುದಿಲ್ಲ, ಇಲಿ ಇಲ್ಲ, ಧೂಳಿಲ್ಲ, ನೆಂಟರ ಮಕ್ಕಳು ಸುಳಿಯುವುದಿಲ್ಲ. ಎಲ್ಲ ನಿಜ. ಆದರೆ ಹುಳುವಿಗೆ ತಂಪು ಬೇಕೆಂದು ನಾವು ಅಲ್ಲಿ ಗೋಣಿಚೀಲ ನೆನೆಸಿ ನೇತುಹಾಕುತ್ತೇವೆ. ಹುಳುವಿಗೆ ಹಿತವಾದ ತೇವ ಬೂಷ್ಟಿಗೂ ಹಿತ. ಮಳೆಗಾಲ ಮುಗಿದಾಗ ಹದಿನಾಲ್ಕರಲ್ಲಿ ಮೂರು ಲೆನ್ಸಿನ ಗಾಜಿನ ಮೇಲೆ ಜೇಡರಬಲೆಯಂಥ ಬಿಳಿ ಎಳೆ ಬಿಟ್ಟಿತ್ತು.

ಬೂಷ್ಟು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದರು. ಒಂದು ವರ್ಷ ನಮ್ಮ ಹುಳುಗಳಿಗೆ ಸುಣ್ಣಕಟ್ಟು ರೋಗ ಬಂದು, ಒಂದೊಂದೂ ಬೆಳ್ಳಗೆ ಬಿರುಸಾಗಿ ಸತ್ತು, ಬೆಳೆಯನ್ನೆಲ್ಲ ಗುಂಡಿ ತೋಡಿ ಮುಚ್ಚಿದ್ದೆವು. ಅದೂ ಬೂಷ್ಟೇ. ಲೆನ್ಸಿನ ಬೂಷ್ಟು ಬೇರೆ, ಹುಳುವಿನ ಬೂಷ್ಟು ಬೇರೆ ಎಂದು ವಿಜ್ಞಾನದ ಮೇಡಮ್ಮು ಹೇಳಿದರೆ ಕೇಳುವವರ್‍ಯಾರು?

"ಭಾನುವಾರ ಚಾಕಿ ಮರಿಹುಳ ಬರ್ತವೆ. ಅಷ್ಟರೊಳಗೆ ಈ ರೋಗದ ಗಾಜೆಲ್ಲ ಆಚೆ ಹೋಗ್ಬೇಕು" ಎಂದರು ಅತ್ತೆ.

"ಹನ್ನೊಂದು ಚೆನ್ನಾಗಿವೆ ಅತ್ತೆ."

"ಒಂದು ತಟ್ಟೇಲಿ ಮೂರು ಹುಳ ಕಾಯಿಲೆ ಬಿದ್ರೆ ಮಿಕ್ಕಿದ್ದು ಇಟ್ಕೋತೀವೇನೇ?"

ಹುಳುವಿನ ವಿಷಯದಲ್ಲಿ ಅನಿತಳೂ ಹಾಗೇ ಮಾಡುವವಳು. ಕೊನೆಗೆ ಮುರಳಿ ಮಧ್ಯಸ್ಥಿಕೆ ವಹಿಸಿ, ಗಾಳಿಯಾಡದ ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಡಬ್ಬಿ ತಂದ. ಡಬ್ಬಿಯೊಳಗೆ ಹಿಡಿಸಿದಷ್ಟು ಮನೆಯಲ್ಲಿರಲಿ, ಮಿಕ್ಕದ್ದು ಹೋಗಲಿ ಎಂದು ತೀರ್ಮಾನವಾಯಿತು. ಡಬ್ಬಿಯಲ್ಲಿ ಆರಕ್ಕೇ ಜಾಗ.

ಆ ಶುಕ್ರವಾರ ಸಂಜೆ ಜಗಲಿಯ ಮೇಲೆ ಚಾಪೆ ಹಾಸಿ ಹದಿನಾಲ್ಕನ್ನೂ ಹರಡಿಕೊಂಡು ಕೂತಳು. ಬೂಷ್ಟು ಹಿಡಿದ ಮೂರು ಮೊದಲೇ ಪಕ್ಕಕ್ಕೆ ಹೋದವು. ಒಳಗೆ ಬೆಳಕನ್ನು ಹೆಚ್ಚುಕಡಿಮೆ ಮಾಡುವ ಬ್ಲೇಡುಗಳಿಗೆ ಎಣ್ಣೆ ಇಳಿದಿದ್ದ ಒಂದು ಹೋಯಿತು. ಒಂದೇ ಕೆಲಸಕ್ಕೆ ಎರಡು ಬೇಡವೆಂದು ಇನ್ನೆರಡು ಹೋದವು. ಸಣ್ಣ ಮನೆಗಳ ಒಳಗೆ ಇಡೀ ಸಂಸಾರವನ್ನು ಹಿಡಿಸುವ ಇಪ್ಪತ್ತೆಂಟು ಉಳಿಯಿತು. ಹಿಪ್ಪುನೇರಳೆ ತೋಟದಲ್ಲಿ ತೆಗೆದರೆ ಹಿಂದಿನ ಎಲೆಗಳನ್ನೆಲ್ಲ ಸುಳಿಯಂತೆ ಸುತ್ತಿಸಿಬಿಡುವ ರಷ್ಯಾದ ಐವತ್ತೆಂಟೂ ಉಳಿಯಿತು. ನಾಚುವವರನ್ನು ದೂರದಿಂದಲೇ ಹಿಡಿಯಲು ನೂರಮೂವತ್ತೈದು, ಹುಳುವಿನ ಮುಖ ತೆಗೆಯಲು ಇನ್ನೊಂದು. ಕೊನೆಯ ಒಂದು ಜಾಗಕ್ಕೆ ಮೂರು ಮಿಕ್ಕವು; ಒಂದನ್ನು ಡಬ್ಬಿಯೊಳಗೆ ಇಡುತ್ತಾಳೆ, ತೆಗೆಯುತ್ತಾಳೆ, ಮತ್ತೆ ಇಡುತ್ತಾಳೆ. ನಾನು ಹುರುಳಿಕಾಯಿ ಸೋಸುತ್ತ ನೋಡುತ್ತಿದ್ದೆ. ಅಷ್ಟು ಹೊತ್ತಿಗೆ ಹುಳಿಯೇ ಕುದಿಯಿತು.

"ಇದೇನು ಯೋಚ್ನೇನೇ ಮಾಡದೆ ಮೊದಲೇ ಇಟ್ಬಿಟ್ಟೆ?" ಎಂದು ಐವತ್ತೈದನ್ನು ತೋರಿಸಿ ಕೇಳಿದೆ.

"ಇದೊಂದಿದ್ರೆ ಚಾಲು, ಸಾಕು ಅಕ್ಕ. ಮಿಕ್ಕಿದ್ದೆಲ್ಲ ಹೋದ್ರೂ ಅಳಲ್ಲ" ಎಂದಳು. ತಮಾಷೆ ಮಾಡುವವಳು ಆ ಮಾತನ್ನು ತಮಾಷೆಗೆ ಹೇಳಲಿಲ್ಲ.

ಎಂಟು ಲೆನ್ಸನ್ನು ಬೆಂಗಳೂರಿನ ಮೇಘನ ಎಂಬ ಹುಡುಗಿ ಬಂದು ಒಯ್ದಳು. ಹಳೇ ಲೆನ್ಸುಗಳನ್ನು ಬಿಚ್ಚಿ, ಬೂಷ್ಟು ತೆಗೆದು, ಒಂದರ ಭಾಗ ಇನ್ನೊಂದಕ್ಕೆ ಹಾಕಿ ರಿಪೇರಿ ಮಾಡುವುದೇ ಅವಳ ಕಸುಬು. ಇನ್ನು ಆರರ ಡಬ್ಬಿ. ಅದನ್ನು ಅನಿತ ನನ್ನ ಕೈಗೆ ಕೊಟ್ಟಳು.

"ನಿನ್ನ ಬೀರುವಲ್ಲಿ ಇಟ್ಕೊ ಅಕ್ಕ. ಮನೇಲಿ ಅದೇ ಒಣಗಿದ ಜಾಗ. ತೇವ ಎಳೆಯೋ ಪೊಟ್ಟಣ ಆನ್‌ಲೈನಲ್ಲಿ ಹಾಕಿದ್ದೀನಿ, ಬಂದ್ಮೇಲೆ ಒಳಗೆ ಹಾಕೋಣ."

ಇಲ್ಲಿಂದ ಮುಂದಿನದು ನನ್ನ ಘನಕಾರ್ಯ. ಶನಿವಾರ ಮಧ್ಯಾಹ್ನ ಹುಳುವಿನ ಮನೆ ತೊಳೆದು, ಮಲ್ಲುಬಟ್ಟೆಯಲ್ಲಿ ಸುಣ್ಣದ ಪುಡಿ ಕಟ್ಟಿಕೊಂಡು ಉದುರಿಸುತ್ತಿದ್ದೆ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡಲು ಮಲಗಿದಾಗ, ತೇವ ಆರಲೆಂದು ನಾವು ಹೀಗೇ ಸುಣ್ಣ ಉದುರಿಸುವುದು. ಹದಿನೆಂಟು ವರ್ಷದಿಂದ ಈ ಕೈ ಅದನ್ನು ಮಾಡುತ್ತಿದೆ. ಕೆಲಸ ಮುಗಿದಾಗ ಬಟ್ಟೆಯಲ್ಲಿ ಇನ್ನೂ ಒಂದು ಹಿಡಿ ಉಳಿದಿತ್ತು. ಪೊಟ್ಟಣ ಬರುವವರೆಗೆ ಲೆನ್ಸಿಗೂ ಒಂದಿಷ್ಟು ಆಗಲಿ ಎಂದುಕೊಂಡು, ಬೀರು ತೆಗೆದು, ಡಬ್ಬಿಯ ಮುಚ್ಚಳ ತೆಗೆದು, ಆರರ ಮೇಲೂ ನಯವಾಗಿ ಉದುರಿಸಿದೆ. ಅಷ್ಟೇ ಆಗಿದ್ದರೆ ಊದಿ ತೆಗೆಯಬಹುದಿತ್ತೇನೋ. ಬೆಳ್ಳಗೆ ಕಂಡದ್ದು ಚೆಂದವಿಲ್ಲವೆಂದು ಒದ್ದೆ ಬಟ್ಟೆ ತಂದು ಒರೆಸಿದೆ. ಐದಕ್ಕೆ ಕಾಲುಚೀಲ ಹಾಕಿದ್ದಳು, ಅವಕ್ಕೇನೂ ಆಗಲಿಲ್ಲ. ದಿನಾ ಬೇಕಾಗುತ್ತದೆಂದು ಐವತ್ತೈದನ್ನು ಹಾಗೇ ಇಟ್ಟಿದ್ದಳು. ಅದನ್ನು ಚೆನ್ನಾಗಿ ತಿಕ್ಕಿ ತಿಕ್ಕಿ ಒರೆಸಿದೆ.

ಸುಣ್ಣಕ್ಕೆ ನೀರು ಸೇರಿ, ಗಾಳಿ ತಾಗಿದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ ಎಂದು ನಾನು ಪ್ರತಿವರ್ಷ ಕಪ್ಪುಹಲಗೆಯ ಮೇಲೆ ಸಮೀಕರಣ ಬರೆದು ಹೇಳುತ್ತೇನೆ. ಆ ಸೋಮವಾರವೂ, ಕಾಕತಾಳೀಯವಾಗಿ, ಅದೇ ಪಾಠವಿತ್ತು. ಅರ್ಧ ಸಮೀಕರಣ ಬರೆದವಳು ಸೀಮೆಸುಣ್ಣ ಹಿಡಿದುಕೊಂಡೇ ನಿಂತುಬಿಟ್ಟೆ. ಮನೆಗೆ ಬಂದು, ಬಾಗಿಲು ಹಾಕಿಕೊಂಡು ಐವತ್ತೈದರ ರಿಂಗನ್ನು ಮುಟ್ಟಿ ನೋಡಿದೆ. ಕರಕರ ಎಂದು ಒಂದು ಕಡ್ಡಿಯಷ್ಟು ಸರಿದು ನಿಂತಿತು. ಭಯವಾಗಿ ಮತ್ತೆ ಡಬ್ಬಿಗೆ ಹಾಕಿದೆ.

ಹೇಳಬೇಕಿತ್ತು. ಹೇಳಲಿಲ್ಲ. ಹುಳು ಬಂದಿದ್ದವು, ಸೊಪ್ಪು ಕುಯ್ಯುವುದು, ಹಾಕುವುದು, ಕಸ ತೆಗೆಯುವುದರಲ್ಲಿ ಅನಿತಳಿಗೆ ಕ್ಯಾಮೆರಾ ನೆನಪಾಗಲೂ ಪುರುಸೊತ್ತಿರಲಿಲ್ಲ; ತೇವ ಎಳೆಯುವ ಪೊಟ್ಟಣ ಬಂದದ್ದೂ ಒಡೆಯದೆ ಹಾಗೇ ಬಿದ್ದಿತ್ತು. ತಿಂಗಳ ಹತ್ತಿರ ಆ ಡಬ್ಬಿಯ ಜೊತೆ ಒಂದೇ ಕೋಣೆಯಲ್ಲಿದ್ದೆ. ಸೀರೆ ತೆಗೆಯಲು ಬೀರು ತೆರೆದರೆ ಅದು ಕಾಣುತ್ತದಲ್ಲ. ಒಂದು ವಾರ ಒಂದೇ ಸೀರೆಯನ್ನು ಒಗೆದು ಒಗೆದು ಉಟ್ಟೆ.

ಗೂಡು ಬಿಡಿಸಿ ಮಾರಿ ಬಂದ ಮರುದಿನ ಅನಿತ ತಲೆಗೆ ನೀರು ಹಾಕಿಕೊಂಡು, ಹಾಡಿಕೊಳ್ಳುತ್ತ, ಡಬ್ಬಿ ತೆಗೆದಳು. ಐವತ್ತೈದನ್ನು ಕೈಗೆತ್ತಿಕೊಂಡು ತಿರುಗಿಸಿದಳು. ಹಾಡು ನಿಂತಿತು. ರಿಂಗು ಮೂರಡಿಯ ಗುರುತಿನ ಹತ್ತಿರ ಗಾರೆ ಹಾಕಿದಂತೆ ಕೂತಿತ್ತು.

"ಅತ್ತೆ! ನೀವು ಮುಟ್ಟಿದ್ರಾ ಇದನ್ನ?"

"ನಾನ್ಯಾಕೆ ಮುಟ್ಟಲಿ ಆ ಪೀಡೇನ?" ಎಂದು ಅತ್ತೆ ಒಳಗಿಂದಲೇ ಕೂಗಿದರು.

"ನಿಮಗೇ ಅಲ್ವಾ ಇವನ್ನ ಕಂಡ್ರೆ ಆಗದಿರೋದು?"

ಜಗಳ ಹತ್ತಿತು. ನಾನು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದೆ. ಸೋಸಿ, ಸಕ್ಕರೆ ಹಾಕಿ, ಕದಡಿ, ಲೋಟಕ್ಕೆ ಬಗ್ಗಿಸುವಷ್ಟು ಹೊತ್ತೂ ಆ ಮುದುಕಿಯನ್ನು ಬೈಸಿಕೊಳ್ಳಲು ಬಿಟ್ಟೆ. ಇವತ್ತಿಗೂ ನನಗೆ ನಾಚಿಕೆಯಾಗುವುದು ಸುಣ್ಣಕ್ಕಲ್ಲ, ಆ ಒಂದು ಕಾಫಿಗೆ. ಆಮೇಲೆ ಹೊರಗೆ ಬಂದು, ತಪ್ಪು ಮಾಡಿದವರೆಲ್ಲ ಮಾಡುವ ಹಾಗೆ ನಾನೇ ಮೊದಲು ರೇಗಿದೆ.

"ಅವರನ್ನ ಯಾಕೇ ಅಂತೀಯ? ನಾನೇ ಸುಣ್ಣ ಹಾಕಿದ್ದು. ಒಳ್ಳೇದಾಗಲಿ ಅಂತ ಹಾಕ್ದೆ. ಏನೀಗ?"

ಅನಿತ ನನ್ನನ್ನು ನೋಡಿದಳು, ಲೆನ್ಸನ್ನು ನೋಡಿದಳು. "ಒಂದು ಮಾತು ಕೇಳ್ಬೋದಿತ್ತಲ್ಲ ಅಕ್ಕ" ಎಂದಳು. ಅಷ್ಟೇ. ಬೈದಿದ್ದರೆ ನನಗೂ ಬೈಯಲು ದಾರಿಯಾಗುತ್ತಿತ್ತು. ಮೂರು ದಿನ ಅವಳ ಬಾಯಲ್ಲಿ ಉಪ್ಪು, ಖಾರ, ನೀರು ಬಿಟ್ಟು ಇನ್ನೊಂದು ಮಾತು ಬರಲಿಲ್ಲ. ನಮ್ಮ ಮನೆ ಅಷ್ಟು ಸದ್ದಿಲ್ಲದೆ ಇದ್ದದ್ದೇ ಇಲ್ಲ. ಅತ್ತೆಗೂ ಅದು ತಡೆಯಲಿಲ್ಲ. "ಆ ಗಾಜನ್ನ ಎಲ್ಲಾದ್ರೂ ತೋರಿಸ್ಕೊಂಡು ಬನ್ರೇ ಇಬ್ರೂ" ಎಂದರು.

ಭಾನುವಾರ ಇಬ್ಬರೂ ಶ್ರೀನಿವಾಸಪುರಕ್ಕೆ ಹೊರಟೆವು. ಬಸ್ಸಿನಲ್ಲಿ ಲೆನ್ಸ್ ಅವಳ ತೊಡೆಯ ಮೇಲಿತ್ತು, ನನ್ನ ಕೈ ನನ್ನ ತೊಡೆಯ ಮೇಲಿತ್ತು. ಚನ್ನರಾಯಪ್ಪನವರು ಬಾಗಿಲಲ್ಲೇ, "ಏಮ್ಮಾ, ಬಾಗುನ್ನಾವಾ?" ಎಂದು ತೆಲುಗಿನಲ್ಲೇ ಕ್ಷೇಮ ಕೇಳಿ ಅವಳ ತಲೆ ಸವರಿದರು. ಲೆನ್ಸನ್ನು ಕಿಟಕಿಯ ಹತ್ತಿರ ಒಯ್ದು, ಸಣ್ಣ ಸ್ಕ್ರೂಡ್ರೈವರ್ ಹಿಡಿದು ಅರ್ಧ ಗಂಟೆ ಕೂತರು. ಯಾರು ಹೀಗೆ ಮಾಡಿದ್ದು ಎಂದು ಅವರು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅನಿತ, "ಆಗೋಯ್ತು ಸಾರ್" ಎಂದಳು.

"ಒಳಗಿನ ಗ್ರೀಸ್ ಜೊತೆ ಸುಣ್ಣ ಸೇರಿ ಗಾರೆ ಆಗಿದೆ ಕಣಮ್ಮ. ಬಲವಂತ ಮಾಡಿದ್ರೆ ಒಳಗೆ ಸ್ಕ್ರೂ ಥರ ಸುತ್ತೋ ಮರೆ ಕಿತ್ತೋಗುತ್ತೆ, ಮತ್ತೆ ಸೇರಲ್ಲ. ಹಿಂಗೇ ಬಿಟ್ರೆ ಮೂರಡಿಗೆ ನಿಂತಿರುತ್ತೆ. ಮೂರಡಿ ದೂರದಲ್ಲಿರೋದು ಮಾತ್ರ ಸ್ಪಷ್ಟ. ಅದಕ್ಕಿಂತ ಹತ್ತಿರ, ದೂರ ಎಲ್ಲ ಮಸುಕು. ಗಾಜಿಗೇನೂ ಆಗಿಲ್ಲ."

ಹಿಂದಿರುಗುವಾಗ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. "ಇಂಥದ್ದೇ ಇನ್ನೊಂದು ಸಿಗಲ್ವೇನೇ?" ಎಂದೆ.

"ಸಿಗುತ್ತೆ. ಇದೇ ಕಂಪನಿದು, ಇದೇ ನಂಬರು. ಬೇಕಾದಷ್ಟಿವೆ" ಎಂದು ಕಿಟಕಿಯ ಕಡೆ ತಿರುಗಿದಳು.

ಸಿಗುತ್ತದೆ ಎಂದಮೇಲೆ ನನಗೆ ಜೀವ ಬಂತು. ಶಾಲೆಯಲ್ಲಿ, ಬಸ್ಸಿನಲ್ಲಿ, ಕಂಡಕಂಡವರನ್ನು ಕೇಳಿದೆ. ನಮ್ಮ ಶಾಲೆಯ ಮಾಧವಿ ಮೇಡಮ್ಮಿನ ಸೋದರಮಾವ ಸುಬ್ರಹ್ಮಣ್ಯ ಎಂಬವರು ಮುಳಬಾಗಿಲಿನಲ್ಲಿ ಲೆಕ್ಕಪತ್ರ ನೋಡುವವರು. ವಯಸ್ಸಿನಲ್ಲಿ ಅವರಿಗೆ ಕ್ಯಾಮೆರಾ ಹುಚ್ಚಿತ್ತಂತೆ. ಆವನಿಯ ದೇವಸ್ಥಾನದ ಕಂಬಗಳನ್ನೆಲ್ಲ ಒಂದೂ ಬಿಡದೆ ತೆಗೆದಿದ್ದರು. ಅವರ ಮನೆಯಲ್ಲಿ ಅದೇ ಐವತ್ತೈದು ಚರ್ಮದ ಚೀಲದೊಳಗೆ ಹಾಗೇ ಇತ್ತು. ಅನಿತ ಟ್ಯೂಬ್‌ಲೈಟಿಗೆ ಹಿಡಿದಳು, ಟಾರ್ಚ್ ಬಿಟ್ಟಳು, ಅಲ್ಲಾಡಿಸಿದಳು, ಮೂಸಿದಳು. ರಿಂಗು ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ತಿರುಗಿತು. ಗಾಜಿನಲ್ಲಿ ಅದೇ ಹಳದಿ. ಸುಬ್ರಹ್ಮಣ್ಯನವರು, "ನನ್ನ ಕೈ ನಡುಗುತ್ತಮ್ಮ, ನೀವು ಬಳಸಿ" ಎಂದು ಕೊಟ್ಟರು. ನಾನು ಅವರಿಗೆ ಎರಡು ಸಲ ನಮಸ್ಕಾರ ಮಾಡಿದೆ.

ಈಗ ಐವತ್ತೈದು ಎರಡಾದವು. ಡಬ್ಬಿಯಲ್ಲಿ ಆರಕ್ಕೇ ಜಾಗ, ಅದರಲ್ಲಿ ಐದು ತುಂಬಿವೆ. ಬೆಂಗಳೂರಿನ ಮೇಘನ ಐವತ್ತೈದು ಬೇಕೆಂದು ಮೊದಲಿನಿಂದ ಕೇಳುತ್ತಿದ್ದಳು. ಎರಡರಲ್ಲಿ ಯಾವುದಾದರೂ ಸರಿ, ಕೆಟ್ಟದ್ದಾದರೆ ಬಿಡಿಭಾಗಕ್ಕಾಗುತ್ತದೆ ಎಂದಿದ್ದಳು. ಯಾವುದು ಹೋಗಬೇಕೆಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಹೋಗುವುದು ಹೋದರೆ ನನ್ನ ತಪ್ಪೂ ಮನೆಯಿಂದ ಹೋದ ಹಾಗೆ ಎಂದು, ನಿಜ ಹೇಳುತ್ತೇನೆ, ಒಳಗೊಳಗೇ ಹಾಯೆನ್ನಿಸಿತ್ತು.

ಮೇಘನ ಬರುವ ಬೆಳಿಗ್ಗೆ ಅನಿತ ಎರಡರಲ್ಲೂ ಅತ್ತೆಯ ಫೋಟೋ ತೆಗೆದಳು. ಹೊಸದರಲ್ಲಿ ಅತ್ತೆ ಕೊಟ್ಟಿಗೆಯ ಮುಂದೆ ಕಂಬದಂತೆ ನಿಂತರು. ಹಳೆಯದರಲ್ಲಿ ತೆಗೆಯಬೇಕಾದರೆ ಇವಳೇ ಮೂರಡಿಯವರೆಗೆ ನಡೆದುಹೋಗಬೇಕು. ಒಂದು ಗೇಣು ಹೆಚ್ಚಾದರೆ ಮಸುಕು, ಒಂದು ಗೇಣು ಕಡಿಮೆಯಾದರೂ ಮಸುಕು. ಹತ್ತು ತೆಗೆದರೆ ಒಂಬತ್ತು ಕೆಟ್ಟವು. "ಏನೇ ಇದು, ಹಿಂಗೆ ಮೈಮೇಲೆ ಬರ್ತೀಯ" ಎಂದು ಅತ್ತೆ ಗೊಣಗುತ್ತಲೇ ಇದ್ದರು. ನೋಡಿ, ಇದು ಕೆಲಸಕ್ಕೆ ಬಾರದ ಲೆನ್ಸ್ ಎಂಬುದಕ್ಕೆ ಇನ್ನೇನು ಬೇಕು?

ಮೇಘನ ಬಂದಳು, ಕಾಫಿ ಕುಡಿದಳು. ಅನಿತ ಒಳಗಿಂದ ತಂದು ಅವಳ ಕೈಗಿಟ್ಟದ್ದು ಮುಳಬಾಗಿಲಿನದು. ರಿಂಗು ಸಲೀಸಾಗಿ ತಿರುಗುವುದು. ಆ ಹುಡುಗಿ ಖುಷಿಯಿಂದ ಕಣ್ಣರಳಿಸಿ, ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು. ಅವಳ ಸ್ಕೂಟರು ಬೀದಿ ತಿರುಗುವವರೆಗೆ ಹೇಗೋ ತಡೆದುಕೊಂಡೆ.

"ನಿನಗೇನು ತಲೆ ಕೆಟ್ಟಿದೆಯೇನೇ?" ಎಂದು ಕೂಗಿದೆ. "ತಿರುಗದ್ದು ಮನೆಗೆ ಬೇಡ ಅಂತ ಹೇಳೋಳು ನೀನೇ ಅಲ್ವಾ? ನಾನು ಮುಳಬಾಗಿಲಿಗೆ ಹೋಗಿ ಹುಡುಕಿದ್ದೆಲ್ಲ ದಂಡ. ದಿನಾ ಅದನ್ನ ನೋಡಿಕೊಂಡು ನಾನು ಸಾಯ್ಲಿ ಅಂತ ಇಟ್ಕೊಂಡಿದ್ದೀಯ?"

"ನಿನಗೋಸ್ಕರ ನಾನ್ಯಾಕೆ ಇಟ್ಕೊಳ್ಲಿ?" ಎಂದಳು ಅನಿತ. ಅವಳಿಗೂ ರೇಗಿತ್ತು. ತಿಂಗಳ ಮೇಲೆ ಮೊದಲ ಸಲ ಸರಿಯಾಗಿ ರೇಗಿತ್ತು. "ಮಾಡಿದ್ದು ತಪ್ಪೇ. ನಂಗೆ ಇನ್ನೂ ಕೋಪ ಇದೆ. ಇನ್ಮೇಲೆ ಡಬ್ಬಿ ನನ್ನ ಹತ್ರಾನೇ, ನೀನು ಮುಟ್ಟೋ ಹಾಗಿಲ್ಲ."

"ಮತ್ಯಾಕೆ ಒಳ್ಳೇದನ್ನ ಕೊಟ್ಟೆ?"

ಅವಳು ಹಳೇ ಐವತ್ತೈದನ್ನು ಸೆರಗಿನಿಂದ ಒರೆಸುತ್ತ ನಿಂತಿದ್ದಳು.

"ಚೆನ್ನಾಗಿರೋದು ಎಲ್ಲಿ ಹೋದ್ರೂ ಬದುಕುತ್ತೆ ಅಕ್ಕ. ಇದನ್ನ ಕೊಟ್ರೆ ನಾಳೇನೇ ಬಿಚ್ಚಿ ಹಾಕ್ತಾರೆ. ನಾನಲ್ದೆ ಇನ್ಯಾರು ಇಟ್ಕೋತಾರೆ ಇದನ್ನ?"

ಆಗ ಅವಳು ಆ ಲೆನ್ಸನ್ನು ಕ್ಯಾಮೆರಾಕ್ಕೆ ಸಿಕ್ಕಿಸಿ ಕಣ್ಣಿಗೆ ಹಿಡಿದಳು.

"ಬಾ ಇಲ್ಲಿ. ಇನ್ನೂ ಮುಂದೆ. ಅಲ್ಲೇ ನಿಂತ್ರೆ ಮಸುಕು, ಹತ್ರ ಬಾ."

ಒಂದು ಹೆಜ್ಜೆ ಮುಂದೆ ಇಟ್ಟೆ. ಇನ್ನೊಂದು ಇಟ್ಟೆ. ಅಷ್ಟು ಹತ್ತಿರದಿಂದ ನೋಡಿದರೆ, ಕ್ಯಾಮೆರಾದ ಹಿಂದೆ ಮುಚ್ಚಿದ್ದ ಅವಳ ಇನ್ನೊಂದು ಕಣ್ಣಿನ ರೆಪ್ಪೆ ಒದ್ದೆಯಾಗಿತ್ತು. ನನಗೆ ಅಳು ತಡೆಯಲಾಗಲಿಲ್ಲ.

"ಅಳ್ಬೇಡ ಅಕ್ಕ, ಅಲ್ಲಾಡಿದ್ರೆ ಫೋಕಸ್ ಹೋಗುತ್ತೆ" ಎಂದಳು.

ನಾನು ಅಲ್ಲಾಡಲಿಲ್ಲ.